ಅಣ್ಣನ ಕಾರಿಗೆ ನಾನು ಮಾಡಿದ ಸ್ಟಡ್ಡು

ಇಲ್ಲ ಅನ್ನುವ ಎರಡಕ್ಷರ ಅಣ್ಣನ ಮುಂದೆ ನನ್ನ ಬಾಯಿಂದ ಯಾವತ್ತೂ ಹೊರಟಿಲ್ಲ. ಅವನು ಗಡಹಿಂಗ್ಲಜಿನಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ನಾನು ಇಚಲಕರಂಜಿಯಲ್ಲಿ ಒಂದು ಲೇಥ್ ಇಟ್ಟುಕೊಂಡು ಮಗ್ಗಗಳಿಗೆ ಶಾಫ್ಟು, ಪಿನ್ನು ಮಾಡಿಕೊಡುತ್ತೇನೆ. ಅವನ ಪಾಲಿಗೆ ನನ್ನ ಕೈ ಮುಟ್ಟಿದ ಕಬ್ಬಿಣವೆಲ್ಲ ಬಂಗಾರ.

ಕಾರಿನ ಎಂಜಿನ್ನು ಕಾದು ಹೆಡ್ ಗ್ಯಾಸ್ಕೆಟ್ ಸುಟ್ಟಾಗ ಕೊಲ್ಹಾಪುರದ ಮಿಸ್ತ್ರಿಯ ಹತ್ತಿರ ಹೋದೆವು. ಮಿಸ್ತ್ರಿ ನಮ್ಮ ಕಡೆಯ ಕನ್ನಡದವರೇ. ಆ ಕಾರಿನ ಕೆಮ್ಮು ನೆಗಡಿಯೆಲ್ಲ ವರ್ಷಗಳಿಂದ ನೋಡಿದವರು. ಎಂಜಿನ್ನಿನ ಮೇಲಿನ ಮುಚ್ಚಳದಂಥ ಹೆಡ್ಡನ್ನು ಕೆಳಗಿನ ಬ್ಲಾಕಿಗೆ ಬಿಗಿಯುವ ಹಳೆಯ ಬೋಲ್ಟುಗಳು ಎಳೆದುಹೋಗಿವೆ, ಮತ್ತೆ ಹಾಕುವ ಹಾಗಿಲ್ಲ ಅಂದರು. ಹೊಸ ಬೋಲ್ಟು ತರಬಹುದು. ಇಲ್ಲವೇ ಬ್ಲಾಕಿಗೆ ಸ್ಟಡ್ಡು, ಅಂದರೆ ಎರಡೂ ತುದಿಗೆ ತಿರುಪಿರುವ ತಲೆಯಿಲ್ಲದ ಸರಳು, ಕೂರಿಸಿ ಮೇಲೆ ನಟ್ಟು ಬಿಗಿಯಬಹುದು. ಹಳೇ ಎಂಜಿನ್ನು, ಸ್ಟಡ್ಡಿದ್ದರೆ ಪದೇ ಪದೇ ಬಿಚ್ಚಿದರೂ ಬ್ಲಾಕಿನ ಆಟೆ, ಅಂದರೆ ತಿರುಪಿನ ಗೆರೆ, ಸವೆಯುವುದಿಲ್ಲ.

“ಮನ್ಯಾಗ ಲೇಥ್ ಇಟಗೊಂಡು ಪ್ಯಾಟ್ಯಾಗ ಯಾಕ ತರೂದ್ರಿ?” ಅಂದ ಅಣ್ಣ. “ನನ್ನ ತಮ್ಮ ಮಾಡ್ತಾನ.”

ಮಿಸ್ತ್ರಿ ನನ್ನ ಕಡೆ ತಿರುಗಿ, ಇದು ಶಾಫ್ಟಿನ ಹಾಗೆ ತಿರುಗುವ ಕೆಲಸವಲ್ಲ, ಜಗ್ಗಿ ಹಿಡಿಯುವ ಕೆಲಸ, ಇದಕ್ಕೆ ಬೇರೆಯೇ ಉಕ್ಕು ಬೇಕು ಅಂದರು. ನನಗೇನು ಗೊತ್ತಿರಲಿಲ್ಲವೇ? ನನ್ನ ಹತ್ತಿರ ಇದ್ದದ್ದು ಮಗ್ಗದ ಶಾಫ್ಟಿನ ಕಬ್ಬಿಣ. ಆದರೂ ನನ್ನ ಬಾಯಿಂದ ಬಂದದ್ದು ‘ನೋಡ್ತೀನಿ’ ಅನ್ನುವ ಮಾತು. ಅಣ್ಣನ ಲೆಕ್ಕದಲ್ಲಿ ನೋಡ್ತೀನಿ ಅಂದರೆ ಕೆಲಸ ಆಯಿತು ಅಂತಲೇ.

ಗುಟ್ಟಾಗಿ ಅಂಗಡಿಯ ಸ್ಟಡ್ಡು ತಂದು ನಾನೇ ಮಾಡಿದೆ ಅನ್ನೋಣವೆಂದುಕೊಂಡಿದ್ದೆ. ಎಲ್ಲಿ ಬಿಟ್ಟ ಪುಣ್ಯಾತ್ಮ! ಮರುದಿನ ಮುಂಜಾನೆಯೇ ಇಚಲಕರಂಜಿಗೆ ಬಂದು, ಲೇಥಿನ ಮುಂದೆ ಕುರ್ಚಿ ಹಾಕಿಕೊಂಡು, ಚಹಾ ಕುಡಿಯುತ್ತ ಸಂಜೆಯವರೆಗೂ ಕೂತ. ಹತ್ತು ಬೇಕಿತ್ತು, ಒಂದು ಹೆಚ್ಚಿಗೆ ಮಾಡಿದೆ. ಥಳಥಳ ಹೊಳೆಯುತ್ತಿದ್ದವು. ಊರಿಗೆ ಒಯ್ದು ಸ್ಟ್ಯಾಂಡಿನ ಡ್ರೈವರುಗಳಿಗೆಲ್ಲ ತೋರಿಸಿದನಂತೆ. ಅವನ ಹೆಂಡತಿ, ನಮ್ಮ ವೈನಿ, ದೇವರ ಮುಂದಿಟ್ಟು ಅರಿಷಿಣ ಕುಂಕುಮ ಹಚ್ಚಿದರು. ಅಷ್ಟೆಲ್ಲ ಆದಮೇಲೆ ಇವು ಬೇಡ ಅನ್ನುವ ಗಂಡಸುತನ ನನ್ನಲ್ಲಿ ಎಲ್ಲಿಂದ ಬರಬೇಕು?

ಕೊಲ್ಹಾಪುರದಲ್ಲಿ ಬಿಗಿಯುವಾಗ ಮಿಸ್ತ್ರಿ ಎರಡು ಸಲ ನಟ್ಟು ತಿರುಗಿಸುವ ಪಾನಾ ನಿಲ್ಲಿಸಿದರು. ನಟ್ಟು ತಿರುಗುತ್ತಿದೆ, ಬಿಗಿ ಮಾತ್ರ ಏರುತ್ತಿಲ್ಲ, ಬೋಲ್ಟೇ ತರಿಸೋಣ ಅಂದರು. ಅಣ್ಣನಿಗೆ ಸಿಟ್ಟು ಬಂತು, ಆಗುತ್ತದೆ ಹಾಕಿ ಅಂದ. ಮಿಸ್ತ್ರಿ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಥೂ ನನ್ನ ಜನ್ಮಕ್ಕೆ.

ಕೆಲವು ವಾರ ಕಾರು ಓಡಿತು. ಆಮೇಲೆ ಆಜರಾದಿಂದ ಜನರನ್ನು ಕರೆತರುವಾಗ ಮತ್ತೆ ಕಾಯತೊಡಗಿತು. ಬೇರೆ ಯಾವನೇ ಆಗಿದ್ದರೂ ಅಲ್ಲೇ ನಿಲ್ಲಿಸುತ್ತಿದ್ದ. ತಮ್ಮ ಮಾಡಿದ ಸ್ಟಡ್ಡು ಇವೆ, ಹೆಡ್ಡಿಗೇನೂ ಆಗಿರಲಿಕ್ಕಿಲ್ಲ ಅಂತ ಇವನು ಓಡಿಸಿಕೊಂಡೇ ಬಂದ. ಬ್ಲಾಕೇ ಸೀಳಿತು. ಎಂಜಿನ್ನಿನ ಕಥೆ ಮುಗಿಯಿತು, ಅವನ ಹೊಟ್ಟೆಪಾಡೂ ನಿಂತಿತು.

ಮಿಸ್ತ್ರಿ ಬಿಚ್ಚಿದ ಸ್ಟಡ್ಡೊಂದನ್ನು, ಹಾಕದೆ ಉಳಿದಿದ್ದ ಹನ್ನೊಂದನೆಯದರ ಪಕ್ಕಕ್ಕಿಟ್ಟರು. ಬಿಚ್ಚಿದ್ದು ನಡುವೆ ಸಣ್ಣಗಾಗಿ ಉದ್ದವಾಗಿತ್ತು; ಹೆಡ್ಡು ಸಡಿಲಾಗಿ ನೀರು ಸೋರಿ ಎಂಜಿನ್ನು ಕಾದದ್ದು ಅದಕ್ಕೇ. ಅಣ್ಣ ಎರಡನ್ನೂ ನೋಡಿ, ನೀವೇ ವಿಪರೀತ ಬಿಗಿದು ಕೆಡಿಸಿದಿರಿ ಅಂತ ಅವರ ಮೇಲೆ ಹರಿಹಾಯ್ದ. ಆ ಮನುಷ್ಯ ನನ್ನ ಹೆಸರೆತ್ತಲಿಲ್ಲ. ಅರಿವೆಯಿಂದ ಕೈ ಒರೆಸಿಕೊಳ್ಳುತ್ತ ನಿಂತರು. ಅದನ್ನು ನನಗೆ ನೋಡಲಾಗಲಿಲ್ಲ.

“ಅಣ್ಣಾ, ತಪ್ಪು ನಂದು,” ಅಂದೆ. “ಆ ಕಬ್ಬಿಣ ಇದಕ್ಕ ಆಗೂದಲ್ಲಂತ ನನಗ ಮೊದಲ ಗೊತ್ತಿತ್ತು.”

ಅಣ್ಣ ನನ್ನನ್ನೇ ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಎಷ್ಟೋ ಚಲೋ ಇತ್ತು. ಅವನ ಕಣ್ಣು ತುಂಬಿದವು. ನನ್ನ ಹೆಗಲ ಮೇಲೆ ಕೈಯಿಟ್ಟು ಮಿಸ್ತ್ರಿಗೆ ಅಂದ: “ನೋಡ್ರಿ, ನಿಮ್ಮ ಮರ್ಯಾದಿ ಉಳಸಾಕ ನನ್ನ ತಮ್ಮ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ.”

ಹಾಗಲ್ಲ, ನಿಜವಾಗಿಯೂ ನನ್ನದೇ ತಪ್ಪು ಅಂತ ಇನ್ನೊಮ್ಮೆ ಹೇಳಿದೆ. ಸಾಕು ಬಿಡು ಅಂದ. ಇನ್ನು ಈ ಗ್ಯಾರೇಜಿನ ಮೆಟ್ಟಿಲು ಹತ್ತುವುದಿಲ್ಲ ಅನ್ನುತ್ತ ನನ್ನ ಕೈ ಹಿಡಿದು ಹೊರಗೆ ನಡೆದ. ನಾನೂ ಅವನ ಹಿಂದೆ ಹೋದೆ.