ಎದೆಮಟ್ಟದ ನೀರು

ನಮ್ಮ ಮನೆಯವರು ಹತ್ತಿ ತುಂಬಿದ ಚಕ್ಕಡಿಯ ಮೇಲಿಂದ ಬಿದ್ದು ಎರಡೂ ಕಾಲಿನ ಸ್ವಾಧೀನ ಕಳೆದುಕೊಂಡ ವರ್ಷ ನಾನು ಅತ್ತದ್ದು ನೆನಪಿಲ್ಲ. ಅಳಲಿಲ್ಲ ಅಂತಲೇ ಕಾಣುತ್ತದೆ. ಕೆಲಸವಿತ್ತು. ಹುಬ್ಬಳ್ಳಿಯ ಡಾಕ್ಟರು, ದಿನಾ ಎದೆಮಟ್ಟದ ನೀರಿನಲ್ಲಿ ಹಿಡಿದು ನಿಲ್ಲಿಸಿರಿ, ಕಾಲು ಬಂದರೆ ಹಾಗೇ ಬರಬೇಕು, ತಡವಾದರೆ ಒಣಗುತ್ತವೆ ಅಂದರು.

ಬೈರಿದೇವರಕೊಪ್ಪದ ನಮ್ಮ ಹಿತ್ತಲಿನಲ್ಲಿ ಕಲ್ಲಿನ ಹೌದವಿತ್ತು. ಪೇರಲ ಗಿಡಗಳಿಗೆಂದು ಕಟ್ಟಿಸಿದ ದೊಡ್ಡ ತೊಟ್ಟಿ. ಮನೆಯ ಗಂಡಸರೆಲ್ಲ ಅದರಲ್ಲೇ ಈಸು ಕಲಿತವರು. ಮೂರು ಕಡೆ ನೆಲದೊಳಗೆ, ಇಳಿಜಾರಿನ ಕಡೆಯ ಗೋಡೆ ಮಾತ್ರ ಬಯಲಿಗೆ. ತುಂಬಿದಾಗ ನಿಂತವನ ತಲೆ ಮುಳುಗುತ್ತಿತ್ತು. ಅಂದರೆ ನೀರು ಇಳಿಸಬೇಕಿತ್ತು, ಆದರೆ ಪೂರ್ತಿ ಅಲ್ಲ.

ಎಷ್ಟು ಇಳಿಸಬೇಕೆಂದು ತಿಳಿಯಲು ಚಾಪೆಯ ಮೇಲೆ ಮಲಗಿದ್ದವರನ್ನು ಹಿಮ್ಮಡಿಯಿಂದ ಎದೆಯವರೆಗೆ ಬಿದಿರುಕೋಲು ಹಿಡಿದು ಅಳೆದು, ಕೋಲಿಗೆ ಗುರುತು ಹಾಕಿದೆ.

"ನನ್ನ ಹುಗಿಯಾಕ ಕುಣಿ ಅಳೀತಿ ಏನು?" ಅಂದರು.

"ಅದಕ್ಕಾದ್ರ ತಲಿತನಾ ಅಳೀಬೇಕಾಗ್ತಿತ್ತು. ಸುಮ್ಕ ಮಲ್ಕೋರಿ" ಅಂದೆ.

ಅತ್ತೆಗೆ ಪಾಚಿಯ ಚಿಂತೆ. ಎಲ್ಲಾ ನೀರು ಬಿಟ್ಟು, ತಿಕ್ಕಿ ತೊಳೆದು, ಹೊಸ ನೀರು ತುಂಬಿದ ಮೇಲೆಯೇ ಮಗ ಇಳಿಯಬೇಕು ಎಂದು ಹಟ ಹಿಡಿದರು. ಅದು ಶ್ರಾವಣ. ಎರೆಮಣ್ಣು ಮಳೆ ಕುಡಿದು ಉಬ್ಬಿತ್ತು. ಹೆಬ್ಬಳ್ಳಿಯ ನನ್ನ ತವರಿನಲ್ಲಿ ಇಂಥದ್ದೇ ಹೌದವನ್ನು ಮಳೆಗಾಲದಲ್ಲಿ ಬರಿದು ಮಾಡಿದ್ದರು. ಹೊರಗಿನ ಮಣ್ಣು ಒತ್ತಿ, ಗೋಡೆ ಒಳಕ್ಕೆ ಕುಸಿದು, ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯೂ ಅದರೊಳಗೆ ಹೋಯಿತು. ಒಳಗಿನ ನೀರೇ ಗೋಡೆಯನ್ನು ಹಿಡಿದಿರುತ್ತದೆ ಎಂದು ಅತ್ತೆಗೆ ಹೇಳಿದೆ.

"ನಿಮ್ಮ ತವರಾಗ ಮಣ್ಣಿನ ಗ್ವಾಡಿ ಇದ್ದೀತು. ಇದು ನಮ್ಮ ಮಾವ ಕಟ್ಟಿಸಿದ್ದು, ಕಲ್ಲು."

"ಕಲ್ಲು ಖರೇರಿ ಅತ್ತಿ. ಅದರ ಹಿಂದಿನ ಮಣ್ಣೂ ಅವರ ತಂದು ಹಾಕಿದ್ರೇನ್ರಿ?"

ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ನನಗೇನೂ ಅನಿಸಲಿಲ್ಲ.

ಬಯಲಿನ ಕಡೆಯ ಗೋಡೆಯ ಬುಡದಲ್ಲಿ ಒಂದು ತೂತು. ಅದಕ್ಕೆ ಹೊರಗಿನಿಂದ ಅರಿವೆ ಸುತ್ತಿದ ಗೂಟ ಬಡಿದಿತ್ತು. ಅದನ್ನು ಕಿತ್ತರೆ ನೀರಿನ ಒತ್ತಡಕ್ಕೆ ಮತ್ತೆ ಕೂರುವುದಿಲ್ಲ, ಅರ್ಧಕ್ಕೆ ನಿಲ್ಲಿಸಲು ಬರುವುದಿಲ್ಲ. ಆದ್ದರಿಂದ ನಾನು ಮತ್ತು ಮೈದುನ ಮೇಲಿನಿಂದಲೇ ಕೊಡದಲ್ಲಿ ಎತ್ತಿ ಪೇರಲ ಗಿಡಗಳಿಗೆ ಸುರಿದೆವು. ಎತ್ತುವುದು, ಕೋಲು ಇಳಿಸಿ ನೋಡುವುದು, ಮತ್ತೆ ಎತ್ತುವುದು. ಸಂಜೆಯಾಗುವಷ್ಟರಲ್ಲಿ ನೀರು ಗುರುತಿಗೆ ಬಂತು.

ಮರುದಿನ ಮಲಗಿದ್ದ ಮನೆಯವರಿಗೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದೆ. ಹಿತ್ತಲಿನಿಂದ ಭೋರೆಂದು ಸದ್ದು ಬರುತ್ತಲೇ ಇತ್ತು, ಮಳೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಮೈದುನ ಗೂಟ ಕೈಯಲ್ಲಿ ಹಿಡಿದು ನಿಂತಿದ್ದ, ಪಕ್ಕದಲ್ಲಿ ಅತ್ತೆ.

"ಅವ್ವ ಹೇಳಿದ್ಲು ವೈನಿ" ಅಂದ.

ಒಳಗೆ ನೀರು ಸೊಂಟಮಟ್ಟಕ್ಕೆ ಇಳಿದಿತ್ತು. ಮನೆಯ ಕಡೆಯ ಗೋಡೆಯಲ್ಲಿ ಒಂದು ಕಲ್ಲು ಬೆರಳಿನಷ್ಟು ಒಳಕ್ಕೆ ಸರಿದಿತ್ತು. ಬೈಯಲು ಹೊತ್ತಿರಲಿಲ್ಲ. ಹಗ್ಗದ ಮೇಲಿದ್ದ ಹೊದೆಯುವ ಕೌದಿ ಎಳೆದುಕೊಂಡು ಹೌದದ ಮೆಟ್ಟಿಲಿಳಿದೆ. ತೂತಿನ ಹತ್ತಿರ ಕಾಲು ಒಯ್ಯಬಾರದು, ನೀರು ಹಿಡಿದು ಎಳೆಯುತ್ತದೆ. ದೂರದಿಂದಲೇ ಕೋಲಿನಿಂದ ಕೌದಿ ತಳ್ಳಿದೆ. ತೂತು ಅದನ್ನು ಎಳೆದುಕೊಂಡು ಬಾಯಿ ಮುಚ್ಚಿತು. ಮೈದುನ ಹೊರಗಿನಿಂದ ಗೂಟ ಬಡಿದ.

ಅತ್ತೆ ಆ ಕಲ್ಲನ್ನು ನೋಡಿದರು. ಒಳಗೆ ಹೋಗಿ ತಾವೇ ಕೊಡ ತಂದು ಬಾವಿಯಿಂದ ಸೇದಲು ನಿಂತರು. ಕೋಲಿನ ಗುರುತಿಗೆ ಬರುವವರೆಗೆ ತುಂಬಿದೆವು. ಕಲ್ಲು ಮತ್ತೆ ಸರಿಯಲಿಲ್ಲ. ಎರಡು ದಿನ ಕಾದು ನೋಡಿದೆವು.

ಆಮೇಲೆ ನಮ್ಮ ಮನೆಯವರನ್ನು ಇಳಿಸಿದೆವು. ಮೈದುನ ಬೆನ್ನಿಗೆ, ನಾನು ಮುಂದೆ. ನೀರು ಎದೆಗೆ ಸರಿಯಾಗಿ ಬಂತು. ಅವರು ಗೋಡೆ ಹಿಡಿದು ನಿಂತರು. ತಿಂಗಳುಗಟ್ಟಲೆ ಮಲಗಿದವರನ್ನೇ ನೋಡಿ, ಅವರು ನನಗಿಂತ ಎತ್ತರ ಅನ್ನುವುದು ಮರೆತುಹೋಗಿತ್ತು. ಮುಖ ನೋಡಲು ಕತ್ತು ಎತ್ತಬೇಕಾಯಿತು.

ದಂಡೆಯ ಮೇಲಿಂದ ಅತ್ತೆ ಕೇಳಿದರು, "ಹೆಂಗ ಐತೋ?"

"ಥಂಡಿ ಐತವ್ವಾ."

"ಥಂಡಿ ಕಾಲಿಗೇನು?" ಅತ್ತೆ ಎದ್ದು ನಿಂತರು.

"ಇಲ್ಲ, ಎದಿಗೆ."

ಮೈದುನ ಕೈ ಸೋತಿತೆಂದ, ಮೇಲೆ ತಂದು ಮೈ ಒರೆಸಿದೆವು. ಮಳೆ ಬರುವ ಹಾಗಿತ್ತು, ಬಂದರೆ ನೀರು ಏರುತ್ತದೆ. ಕೋಲು ಇಳಿಸಿ ನೋಡಿ, ನಾಳೆ ನೀರು ಎತ್ತಲು ಬೇಕೆಂದು ಕೊಡಗಳನ್ನು ಹೌದದ ದಂಡೆಯ ಮೇಲೆಯೇ ಬೋರಲು ಹಾಕಿಟ್ಟೆ.