ಬಾಣಂತಿ ಕೋಣೆಯ ಮೂಲೆಮಟ್ಟ

ನಮ್ಮ ಕಡೆ ಬಾಣಂತಿಯನ್ನು ನೋಡಲು ಬಂದವರು ಮೊದಲು ಗಂಡೋ ಹೆಣ್ಣೋ ಎಂದು ಕೇಳುತ್ತಾರೆ. ಅದರ ಬೆನ್ನಿಗೇ, "ನಾರ್ಮಲ್ ಆತೇನ್ರಿ?" ಹಡೆದವಳು ಹೇಗಿದ್ದಾಳೆ ಎಂಬುದು ಚಹಾ ಕುಡಿದ ಮೇಲೆ ನೆನಪಾದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಶಿಗ್ಗಾವಿಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನನ್ನ ಮಗಳನ್ನು ತೆಗೆದರು. ತಡಸದ ತವರಿಗೆ ಬಂದದ್ದೇ ತಡ, ಅವ್ವ ಬಂದವರಿಗೆಲ್ಲ "ನಾರ್ಮಲ್ ರೀ, ದೇವರು ದೊಡ್ಡಾಂವ" ಎನ್ನತೊಡಗಿದಳು. ಕೊಯ್ಸಿಕೊಂಡವಳೆಂದರೆ ನೋವು ತಿನ್ನಲು ಹೆದರಿದವಳು ಎಂಬುದು ಓಣಿಯ ತೀರ್ಮಾನ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಸವಣೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ನಾರ್ಮಲ್ ಎಂಬ ಆ ಪದದ ಹುಟ್ಟು ನನಗೆ ಗೊತ್ತು. ಲ್ಯಾಟಿನ್ನಿನಲ್ಲಿ ಅದರ ಬೇರು ಬಡಿಗರ ಮೂಲೆಮಟ್ಟ, ಚೌಕಟ್ಟಿನ ಮೂಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವ ಸಾಮಾನು. ಮೊದಲು ಅದಕ್ಕೆ ಸರಿಯಾಗಿ ಕೂತದ್ದು ನಾರ್ಮಲ್, ಆಮೇಲೆ ನಿಯಮಕ್ಕೆ ಕೂತದ್ದು, ಕೊನೆಗೆ ನಾಲ್ಕು ಮಂದಿಯ ಹಾಗೆ ಇದ್ದದ್ದು. ನಮ್ಮಪ್ಪನೂ ಬಡಿಗ. ಅವನ ಮೂಲೆಮಟ್ಟ ನಾನು ಮಲಗಿದ್ದ ಕೋಣೆಯ ಗೋಡೆಯಲ್ಲೇ ತೂಗುತ್ತಿತ್ತು. ಕಟ್ಟಿಗೆಗೆ ಹಿಡಿಯುವುದನ್ನು ತಂದು ಹೆಂಗಸರ ಹೊಟ್ಟೆಗೆ ಹಿಡಿದವರು ಯಾರೋ! ಇದನ್ನೆಲ್ಲ ಅವ್ವನಿಗೆ ಹೇಳಿದೆ.

"ನಿನ್ನ ಡಿಕ್ಷನರಿ ಒಲಿಗೆ ಹಾಕು. ಸುಮ್ನ ಮಲಕೋ" ಎಂದಳು.

ಮರುದಿನ ಬೆಳಿಗ್ಗೆ ಎರೆಯುವ ಮುದುಕಿ ಬಂದಳು. ಬಾಣಂತಿಯ ಹೊಟ್ಟೆಗೆ ಎಣ್ಣೆ ಹಚ್ಚಿ ಒತ್ತಿ ತಿಕ್ಕಿ, ಸುಡುನೀರು ಎರೆದು, ಹಳೇ ಸೀರೆಯಿಂದ ಬಿಗಿದು ಕಟ್ಟುವುದು ನಮ್ಮಲ್ಲಿಯ ರೂಢಿ. ಮನೆಮನೆ ತಿರುಗುವವಳ ಬಾಯಿಗೆ ಹೆದರಿ ಅವ್ವ ಅವಳಿಗೂ ನಾರ್ಮಲ್ಲೆಂದೇ ಹೇಳಿದ್ದಳು. "ಹೊಟ್ಟಿ ಮಾತ್ರ ಒಂದೀಟು ಮೆಲ್ಲಕ" ಎಂದು ಸೇರಿಸಿದ್ದಳಂತೆ, ದೊಡ್ಡ ಉಪಕಾರ. ಮುದುಕಿಯ ಗಟ್ಟಿ ಕೈ ಹೊಲಿಗೆಯ ಮೇಲೆ ಬಿತ್ತು. ಚೀರಿದೆ.

"ಮುಟ್ಟಬ್ಯಾಡಬೇ! ಹೊಟ್ಟಿ ಕೊಯ್ದಾರ!"

ಮುದುಕಿ ಬಗ್ಗಿ ನೋಡಿ ಹೌಹಾರಿದಳು. "ಯವ್ವಾ, ನನಗರ ಹೇಳಬಾರದೇನ? ಹೊಲಿಗಿ ಬಿಚ್ಚಿದ್ರ ಯಾರು ಹೊಣಿ?" ಎಂದು ಅವ್ವನನ್ನು ಬೈದಳು. ಆಮೇಲೆ ಎಣ್ಣೆ ಕೈ ಒರೆಸಿಕೊಳ್ಳುತ್ತ ದನಿ ತಗ್ಗಿಸಿದಳು. "ನನ್ನ ಸೊಸಿದೂ ಕೊಯ್ದ ತಗದಾರ. ನಾನೂ ಊರ ತುಂಬ ನಾರ್ಮಲ್ ಅಂತನ ಹೇಳೇನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಓಣಿಯಲ್ಲಿ ಇನ್ನೆಷ್ಟು ಹೊಲಿಗೆಗಳು ಹೀಗೆ ಸೆರಗಿನಡಿ ಬಾಯಿ ಮುಚ್ಚಿಕೊಂಡಿವೆಯೋ ಎಂದು ಸಿಟ್ಟು ಬಂತು. ಅವ್ವನ ಕಣ್ಣಲ್ಲಿ ನೀರಿತ್ತು.

ಸಂಜೆ ಎದುರುಮನೆಯಾಕೆ ಬಂದಳು. ಬೆಳಗಿನ ಚೀರಾಟ ಕೇಳಿಸಿತ್ತೋ ಏನೋ, ಕೂರುವ ಮೊದಲೇ ಕೇಳಿದಳು, "ನಾರ್ಮಲ್ ಆತೇನ್ರಿ?"

ಅವ್ವ ನನ್ನ ಮುಖ ನೋಡಿದಳು. ಈಗಾದರೂ ಹೇಳುತ್ತಾಳೆ ಎಂದುಕೊಂಡೆ.

"ಹೂನ್ರಿ, ನಾರ್ಮಲ್" ಎಂದಳು.

ನಾನು ಹೊಟ್ಟೆಯ ಮೇಲಿನ ಹೊದಿಕೆ ಸರಿಸಿದೆ.

"ಬರ್ರಿ ಅಕ್ಕಾರ, ನೋಡ್ರಿ" ಎಂದೆ.