ನನ್ನ ನೋಂಪಿಯ ನೀರು

ಸನ್ಮತಿ, ಪ್ರಾಚಿ, ನಾನು ಚಿಕ್ಕವಳಿದ್ದಾಗ, ಅಂದರೆ ಈಗಿನ ಪ್ರಾಚಿಯ ಹಾಗೆ ಹತ್ತು ವರ್ಷದವಳಿದ್ದಾಗ, ನನಗೆ ಗೊತ್ತಾಗದಂತೆ ಮನೆಯವರು ನನಗೊಂದು ಔಷಧ ಕುಡಿಸಿದ್ದರು. ಕಹಿ ಔಷಧವೇನಲ್ಲ. ಈಗ ಮಿರಜದ ಡಾಕ್ಟರು ದಿನಾ ಒಂದು ಚಮಚ ತೆಗೆದುಕೊಳ್ಳಿ ಎಂದು ನನಗೆ ಬರೆದುಕೊಟ್ಟಿದ್ದಾರಲ್ಲ, ನೀವು ಫೈಬರ್ ಎನ್ನುತ್ತೀರಲ್ಲ, ಅದೇ ಇಸಬಗೋಲು.

ಹೋದ ತಿಂಗಳು ನಿಮ್ಮ ಮಮ್ಮಿ ಅದನ್ನು ನನಗೆ ಹೇಳದೆ ಮಜ್ಜಿಗೆಯಲ್ಲಿ ಬೆರೆಸಿದ್ದಳು. ಪುಡಿಗಿಡಿ ಬೇಡ, ಸೊಪ್ಪು ತಿನ್ನುತ್ತೇನೆ ಎಂದು ನಾನು ಹಟ ಹಿಡಿದಿದ್ದೆ. ಅವಳಿಗೂ ಬೇರೆ ದಾರಿ ಕಾಣಲಿಲ್ಲವೇನೋ. ಮೊದಲ ಗುಟುಕಿಗೇ ನನ್ನ ನಾಲಿಗೆಗೆ ಗೊತ್ತಾಯಿತು. ತಾಟು ಬಿಟ್ಟು ಎದ್ದೆ. "ಆಜಿ, ಅದು ಬರೇ ಫೈಬರ್ ಐತಿ. ಅದಕ್ಯಾಕ ಅಳಾಕತ್ತಿ?" ಎಂದು ಸನ್ಮತಿ ನಕ್ಕ. ಮಮ್ಮಿಯ ಮೇಲಿನ ಮುನಿಸು ಎರಡೇ ದಿನಕ್ಕೆ ಮುಗಿಯಿತು. ಈಗ ನಾನೇ ಚಮಚದಿಂದ ಅಳೆದು, ದೊಡ್ಡ ಗ್ಲಾಸು ನೀರಿನಲ್ಲಿ ಕದಡಿ, ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಗ್ಲಾಸು ಬರೀ ನೀರು ಕುಡಿಯುತ್ತೇನೆ. ವಸ್ತು ಒಳ್ಳೆಯದೇ. ಹೊಟ್ಟೆ ಹಗುರಾಗಿದೆ. ಆದರೆ ಸನ್ಮತಿ ಕೇಳಿದ್ದಕ್ಕೆ ಉತ್ತರ ಕೊಡುವುದು ಉಳಿದಿದೆ. ಎದುರಿಗೆ ಕುಳಿತು ಹೇಳುವುದು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಲಿಂಗನೂರಿನಲ್ಲಿತ್ತು. ಮನೆಯ ಹಿಂದೆಯೇ ಅರಿಶಿನದ ಹೊಲ. ಭಾದ್ರಪದದಲ್ಲಿ ಅರಿಶಿನದ ಎಲೆ ನನ್ನ ಭುಜದವರೆಗೆ ಬರುತ್ತಿತ್ತು, ಮಳೆ ನಿಂತ ಮೇಲೆ ಅದರ ಹಸಿ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಅದೇ ತಿಂಗಳಲ್ಲಿ ನಮ್ಮ ಜೈನರ ಪರ್ವದ ಹತ್ತು ದಿನ. ಗಡ್ಡೆ ಗೆಣಸು ನಮ್ಮ ಮನೆಯಲ್ಲಿ ಎಂದೂ ಬೇಯುತ್ತಿರಲಿಲ್ಲ. ಆ ಹತ್ತು ದಿನವಂತೂ ಸೊಪ್ಪಿಲ್ಲ, ಹಸಿರು ಕಾಯಿಪಲ್ಲೆಯೂ ಇಲ್ಲ. ಅನ್ನ, ಹೆಸರುಬೇಳೆ, ಜೋಳದ ಭಕ್ಕರಿ, ಮತ್ತೆ ಅನ್ನ, ಹೆಸರುಬೇಳೆ. ಅದೂ ಹೊತ್ತು ಮುಳುಗುವ ಮೊದಲು. ನೀರನ್ನು ಕಾಯಿಸಿ ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು.

ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯಂದು, ಊರಿನ ದೊಡ್ಡವರು ಉಪವಾಸದ ನೋಂಪಿ, ಅಂದರೆ ವ್ರತ, ಹಿಡಿಯುತ್ತಿದ್ದರು. ಮಧ್ಯಾಹ್ನ ಒಂದೇ ಸಲ ನೀರು, ಬೇರೇನೂ ಇಲ್ಲ. ಸಂಜೆ ಬಸದಿಯಲ್ಲಿ ಪೂಜೆಯ ಉಪಾಧ್ಯೆಯವರು ಒಬ್ಬೊಬ್ಬರನ್ನೂ ಎಬ್ಬಿಸಿ, ನೋಂಪಿ ನಡೆಯಿತೇ ಎಂದು ಎಲ್ಲರ ಮುಂದೆ ಕೇಳುತ್ತಿದ್ದರು. "ನೀರು ಬಿಟ್ಟು ಏನೂ ಇಲ್ಲ" ಎಂದು ಗಟ್ಟಿಯಾಗಿ ಹೇಳಬೇಕು. ಮಾರನೆಯ ಬೆಳಿಗ್ಗೆ ಅವರನ್ನು ಸಾಲಾಗಿ ಮಣೆಯ ಮೇಲೆ ಕೂರಿಸಿ, ಮನೆಯ ಹಿರಿಯರು ಹೆಸರುಕಾಳಿನ ಕಟ್ಟಿನ ಮೊದಲ ಗುಟುಕು ಕುಡಿಸುವರು. ಅದಕ್ಕೆ ಪಾರಣೆ ಎನ್ನುತ್ತಾರೆ.

ಆ ವರ್ಷ ನಾನೂ ನೋಂಪಿ ಹಿಡಿಯುತ್ತೇನೆಂದೆ. ನಿಜ ಹೇಳಬೇಕೆಂದರೆ ಭಕ್ತಿಯಿಂದಲ್ಲ, ಅಪ್ಪನಿಗಾಗಿ. ನಾನು ಬಹಳ ನಾಚಿಕೆಯ ಹುಡುಗಿ. ಶಾಲೆಯಲ್ಲಿ ಮಾಸ್ತರರು ಹೆಸರು ಕೇಳಿದರೂ ನೆಲ ನೋಡುತ್ತಿದ್ದೆ. ಮನೆಗೆ ಯಾರೇ ಬರಲಿ, ಅಪ್ಪ ನನ್ನನ್ನು ತೋರಿಸಿ, "ಈಕಿ ನೋಡ್ರಿ, ಹುಟ್ಟುವಾಗ ಬಾಯಿ ಮರತು ಬಂದಾಳ" ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ಒಂದೇ ಒಂದು ಸಲ ಅಪ್ಪ ನನ್ನ ಬಗ್ಗೆ ನಗದೆ ಮಾತನಾಡಬೇಕು ಎಂದು ನನ್ನ ಆಸೆ. ಬಸದಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಹೇಳಿದರೆ ಅದು ಆದೀತು ಎಂದುಕೊಂಡೆ. ಗೋಡೆಯ ಕಡೆ ಮುಖ ಮಾಡಿ ಆ ನಾಲ್ಕು ಮಾತನ್ನು ಎಷ್ಟು ಸಲ ಹೇಳಿ ನೋಡಿಕೊಂಡಿದ್ದೆನೋ.

ಆದರೆ ಹೊಟ್ಟೆ ನನ್ನ ಮಾತು ಕೇಳಲಿಲ್ಲ. ಆಗ ಮನೆಯಲ್ಲಿ ಪಾಯಖಾನೆ ಇರಲಿಲ್ಲ. ನಸುಕಿನಲ್ಲಿ ಹೆಂಗಸರೆಲ್ಲ ಕೂಡಿ ಹಳ್ಳದ ಕಡೆ ಹೋಗುತ್ತಿದ್ದರು. ಮಳೆ, ಕೆಸರು, ಮೇಲೆ ನನ್ನ ನಾಚಿಕೆ. ಜೊತೆಗೆ ಹೋಗಿ ಹಾಗೇ ಬರುತ್ತಿದ್ದೆ. ಸೊಪ್ಪಿಲ್ಲದ ಊಟ ಬೇರೆ. ನಾಲ್ಕು ದಿನ ಆಯಿತು. ಹೊಟ್ಟೆ ಹಸಿ ಮಡಕೆಯ ಹಾಗೆ ಭಾರವಾಗಿ, ಬಗ್ಗಿ ನಡೆಯತೊಡಗಿದೆ. ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ ಅದನ್ನು ಕಂಡುಹಿಡಿದಳು. ಯಾರಿಗೂ ಹೇಳುವುದಿಲ್ಲ ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ ಮೇಲೆಯೇ ನಾನು ಬಾಯಿ ಬಿಟ್ಟಿದ್ದು.

ನೋಂಪಿಯ ಹಿಂದಿನ ಸಂಜೆ ಅಕ್ಕ ನನ್ನನ್ನು ಕಾಳಿನ ಕೋಣೆಗೆ ಕರೆದು ಒಂದು ಕಾಗದದ ಪೊಟ್ಟಣ ಬಿಚ್ಚಿದಳು. ಒಳಗೆ ಬೆಳ್ಳಗಿನ ಹೊಟ್ಟು. ಒಂದೊಂದು ಸಿಪ್ಪೆಯೂ ಉಗುರಿನ ಚೂರಿಗಿಂತ ತೆಳು, ಉಸಿರು ಬಿಟ್ಟರೆ ಹಾರುತ್ತಿತ್ತು.

"ಇಸಬಗೋಲು ಐತಿ. ಬಾಜೂಮನಿ ಕಾಕು ಕೊಟ್ಟಾರ. ನೀರಾಗ ಹಾಕಿ ಕುಡಿ, ಮುಂಜಾನಿಗೆ ಆರಾಮ ಆಗತೈತಿ."

ನಾನು ಕಿಟಕಿಯ ಹೊರಗೆ ನೋಡಿದೆ. "ಹೊತ್ತು ಮುಳುಗೇತಿ ಅಕ್ಕಾ. ಈಗ ಏನೂ ತಗೋಬಾರದು."

"ಯಾರು ನೋಡತಾರಲೇ ಇಲ್ಲಿ?"

"ನಾಳಿ ನೋಂಪಿ. ನಾಡಿದ್ದ ತಗೋತೀನಿ."

"ನಾಡಿದ್ದಿನತನಕ ಆ ಹೊಟ್ಟಿ ನಗಾರಿ ಆಗಿರತೈತಿ. ಬಸದ್ಯಾಗ ಬಾರಸಾಕ ನಿನ್ನಽ ಒಯ್ತಾರ!" ಎಂದು ಅಕ್ಕ ನಕ್ಕು ಪೊಟ್ಟಣ ಮಡಚಿದಳು. ನಾನೂ ನಕ್ಕೆ. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆಯಿಂದ ಬಸದಿಯಲ್ಲೇ ಕುಳಿತಿದ್ದೆ. ಅಭಿಷೇಕದ ಹಾಲು, ತೇಯ್ದ ಗಂಧ, ಒದ್ದೆ ಧೋತರ, ಎಲ್ಲದರ ವಾಸನೆ ಕೂಡಿ ಹಸಿವೆಯನ್ನು ಎಬ್ಬಿಸುತ್ತಿತ್ತು. ಮಧ್ಯಾಹ್ನ ನೀರಿಗೆಂದು ಮನೆಗೆ ಬಂದೆ. ಅಡುಗೆಮನೆಯಲ್ಲಿ ಬೆಳಕು ಕಡಿಮೆ. ಅಕ್ಕ ಒಳಗಿನಿಂದ ಹಿತ್ತಾಳೆಯ ಚರಗಿ ತಂದು ಕೈಗಿಟ್ಟು, "ಗಟಗಟ ಕುಡಿ, ನಡುವ ಬಾಯಿ ತಗೀಬ್ಯಾಡ" ಎಂದಳು. ಎರಡು ಗುಟುಕು ಕುಡಿದು ನಿಲ್ಲಿಸಿದೆ. ನೀರು ಗಂಟಲಿನಲ್ಲಿ ಜಾರಿದಂತಾಯಿತು.

"ಅಕ್ಕಾ, ನೀರು ಲೊಳಿಲೊಳಿ ಅದಾವ."

"ಸೋಸೂ ಬಟ್ಟಿ ಹೊಸಾದು. ಗಂಜಿ ಬಿಟ್ಟಿರಬೇಕು ತಂಗಿ, ಕುಡಿ."

ಪರ್ವಕ್ಕೆಂದು ಅವ್ವ ಹೊಸ ಬಟ್ಟೆ ಹರಿದು ಕೊಡದ ಬಾಯಿಗೆ ಕಟ್ಟಿದ್ದನ್ನು ನಾನೇ ನೋಡಿದ್ದೆ. ಹೊಸ ಬಟ್ಟೆಗೆ ಗಂಜಿ ಇರುವುದು ಸಹಜ. ಅದರಿಂದ ನೋಂಪಿ ಕೆಡುವುದಿಲ್ಲ. ಪೂರ್ತಿ ಕುಡಿದೆ.

ಸಂಜೆ ಬಸದಿ ತುಂಬಿತ್ತು. ಉಪಾಧ್ಯೆಯವರು ಸಾಲಿನ ತುದಿಯಿಂದ ಕೇಳುತ್ತ ಬಂದರು. ನನ್ನ ಸರದಿ ಬಂದಾಗ ಎದ್ದೆ. ಗಂಡಸರ ಸಾಲಿನಲ್ಲಿ ಅಪ್ಪನನ್ನು ಹುಡುಕಿ, ಅವರನ್ನೇ ನೋಡುತ್ತ ಹೇಳಿದೆ: "ನೀರು ಬಿಟ್ಟು ಏನೂ ಇಲ್ಲ." ಅದು ನನ್ನದೇ ದನಿಯೇ ಎನ್ನುವಷ್ಟು ಗಟ್ಟಿಯಾಗಿ ಬಂತು. ಹೆಂಗಸರು "ಶಾಣ್ಯಾ ಹುಡುಗಿ" ಎಂದರು. ಅಪ್ಪ ಮುಖಕ್ಕೆ ಶಲ್ಯ ಒತ್ತಿಕೊಂಡರು. ಕಣ್ಣೊರೆಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಮನೆಗೆ ಬಂದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಕುಡಿದ ಚರಗಿ ಹಿತ್ತಲಲ್ಲಿ ಹಾಗೇ ಇತ್ತು. ಬೆಳಗೋಣವೆಂದು ಕೈ ಹಾಕಿದೆ. ತಳದಲ್ಲಿ ಏನೋ ಮೆತ್ತಗೆ ಉಬ್ಬಿ ಕುಳಿತಿತ್ತು. ಬೆರಳಿಗೆ ಅಂಟಿ ಜಾರಿತು. ಬೆಳಕಿಗೆ ಹಿಡಿದೆ. ನಡುವೆ ಆ ತೆಳ್ಳನೆಯ ಸಿಪ್ಪೆಗಳು ಕಾಣುತ್ತಿದ್ದವು.

ಅಕ್ಕನ ಮುಂದೆ ಚರಗಿ ಇಟ್ಟೆ. ಅವಳು ಅದನ್ನು ಪಕ್ಕಕ್ಕೆ ಸರಿಸಿ, "ಔಷಧ ಅಲ್ಲೇನ ಅದು. ತಿಂಡಿ ಅಲ್ಲಲ್ಲ" ಎಂದಳು.

"ನೀ ಗಂಜಿ ಅಂದಿ."

"ನೀ ಕುಡೀತಿದ್ದಿಲ್ಲ, ಅದಕ್ಕ ಅಂದ್ನಿ. ಹೊಟ್ಟಿ ಹಿಡಕೊಂಡು ಬೀಳಾಕತ್ತಿದ್ದಿ, ನೋಡಕೋತ ಕುಂದರಲೇನು?"

"ನಾ ಎಲ್ಲಾರ ಮುಂದ ಸುಳ್ಳು ಹೇಳಿದ್ನಿ ಅಕ್ಕಾ."

"ನಿನಗ ಗೊತ್ತಿದ್ದಿಲ್ಲ. ಗೊತ್ತಿಲ್ಲದ್ದು ಸುಳ್ಳಾಗಂಗಿಲ್ಲ. ಯಾರ ಮುಂದನೂ ಅನಬ್ಯಾಡ, ನನ್ನ ಆಣಿ ಐತಿ." ಅವಳ ಕಣ್ಣಲ್ಲಿ ನೀರಿತ್ತು. ಆಣೆಯ ಮಾತು ಕೇಳಿ ನನಗೆ ಇನ್ನೂ ಸಿಟ್ಟು ಬಂತು.

ಇಸಬಗೋಲು ತನ್ನ ಕೆಲಸ ಮಾಡಿತು. ಬೆಳಗಾಗುವ ಹೊತ್ತಿಗೆ ನಾನು ಯಾರಿಗೂ ಕಾಯದೆ, ನಾಚಿಕೆಯನ್ನೂ ಮರೆತು ತಂಬಿಗೆ ಹಿಡಿದು ಹಳ್ಳದ ಕಡೆ ಓಡಿದೆ. ಐದು ದಿನದ ಭಾರ ಇಳಿಯಿತು. ಇದನ್ನು ಓದಿ ನೀವು ನಗುತ್ತೀರಿ, ನಗಿರಿ. ಆದರೆ ಅಷ್ಟು ಹಾಯೆನಿಸಿದ್ದೇ ನನಗೆ ಅವಮಾನವಾಯಿತು.

ತಿರುಗಿ ಬರುವಾಗ ನಿರ್ಧಾರ ಮಾಡಿದ್ದೆ. ಪಾರಣೆಗೆ ಮೊದಲು ಅಪ್ಪನಿಗೆ ಹೇಳಬೇಕು. ಅವರು ಬೈಯಲಿ, ಉಪಾಧ್ಯೆಯವರಿಗೆ ಹೇಳಲಿ, ನನ್ನ ಮಣೆ ತೆಗೆಸಲಿ. ಅಪ್ಪ ಅಂಗಳದಲ್ಲಿ ನಿಂತು ತಲೆಗೆ ಪಟಗಾ ಸುತ್ತುತ್ತಿದ್ದರು. ಹತ್ತಿರ ಹೋಗಿ, ಒಂದೇ ಉಸಿರಿನಲ್ಲಿ ಹೇಳಿದೆ: "ಅಪ್ಪಾ, ನನ್ನ ನೋಂಪಿ ಕೆಟ್ಟೈತಿ. ನೀರಾಗ ಇಸಬಗೋಲು ಇತ್ತು. ನನಗ ಗೊತ್ತಿದ್ದಿಲ್ಲ."

ಅಪ್ಪ ಪಟಗಾದ ತುದಿಯನ್ನು ಹಲ್ಲಿನಲ್ಲಿ ಹಿಡಿದಿದ್ದರು. ಅದನ್ನು ಬಿಟ್ಟು ಜೋರಾಗಿ ನಕ್ಕರು.

"ಗೊತ್ತೈತಿ ಮಗಳ. ನಾನಽ ಸಾಂಗಲಿಯಿಂದ ತಂದೇನಿ ಅದನ್ನ. ನಿಮ್ಮಕ್ಕ ಬಂದು ಹೇಳಿದ್ಲು, ಹಿಂಗ ಹಿಂಗ ಆಗೇತಿ ಅಂತ. ನೀ ಒಲ್ಲೆ ಅಂದ ಮ್ಯಾಲ, ನೀರಾಗ ಹಾಕಿ ಕುಡಸು, ಸುದ್ದಿ ಹೇಳಬ್ಯಾಡ ಅಂದ್ನಿ."

ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವಳೂ ನಗುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಮತ್ತ ನಿನ್ನಿ ನಾ ಎದ್ದು ಹೇಳುವಾಗ ನೀವು ಅಲ್ಲೇ ಇದ್ರಿ ಅಪ್ಪಾ."

"ಇದ್ನಿ. ನಗು ತಡಕೊಳ್ಳಾಕ ಶಲ್ಯಾ ಬಾಯಾಗ ತುರಕೊಂಡ್ನಿ." ಅಪ್ಪ ನನ್ನ ತಲೆ ಸವರಿದರು. "ಹುಚ್ಚಿ, ಸಣ್ಣ ಹುಡುಗೂರ ನೋಂಪಿ ಯಾರು ಹಿಡೀತಾರ? ಆಟಾ ಅದು. ಹೋಗು, ಹೊಸಾ ಪರಕಾರ ಹಾಕ್ಕೋ, ಪಾರಣೆಗೆ ಹೊತ್ತಾತು."

ಮಕ್ಕಳೇ, ಅಪ್ಪ ಕೆಟ್ಟವರಲ್ಲ. ನನ್ನ ಹೊಟ್ಟೆನೋವು ಕೇಳಿ, ಸಾಂಗಲಿಯ ಪೇಟೆಗೆ ಹೋದವರು ನೆನಪಿಟ್ಟು ಔಷಧ ತಂದಿದ್ದರು. ಅದು ಪ್ರೀತಿಯೇ. ಆದರೆ ಹೇಳಿದ್ದರೆ ನಾನು ನೋಂಪಿಯನ್ನು ಮುಂದಿನ ವರ್ಷಕ್ಕೆ ಬಿಡುತ್ತಿದ್ದೆನೋ, ನೋವು ತಡೆದುಕೊಳ್ಳುತ್ತಿದ್ದೆನೋ, ಯೋಚಿಸುವುದು ನನ್ನ ಪಾಲಿಗೆ ಬರುತ್ತಿತ್ತು. ಯಾರೂ ಕೇಳಲಿಲ್ಲ. ನಾನು ಅಷ್ಟು ದಿನ ಗೋಡೆಗೆ ಹೇಳಿ ಕಲಿತ ಮಾತು ಅವರಿಗೆ ನಗೆಯಾಯಿತು.

ಪಾರಣೆಗೆ ಹೊಸ ಪರಕಾರ, ಅದೇ ಲಂಗ, ಉಟ್ಟು ಮಣೆಯ ಮೇಲೆ ಕುಳಿತೆ. ಅಪ್ಪ ಬಟ್ಟಲು ತಂದು ನನ್ನ ತುಟಿಗೆ ಹಿಡಿದರು. ಬಿಸಿ ಹೆಸರುಕಟ್ಟು, ಮೇಲೆ ತುಪ್ಪದ ವಾಸನೆ. ನಾನು ಬಾಯಿ ತೆರೆಯಲಿಲ್ಲ. ಅಪ್ಪ ಬಟ್ಟಲನ್ನು ಓರೆ ಮಾಡಿದರು. ಕಟ್ಟು ಗದ್ದದ ಮೇಲಿಂದ ಹರಿದು ಪರಕಾರದ ಮೇಲೆ ಬಿತ್ತು. "ನಾಚತೈತಿ ಹುಡುಗಿ!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಒಂದು ಹನಿಯೂ ಗಂಟಲಿಗೆ ಇಳಿಯದಂತೆ ನೋಡಿಕೊಂಡೆ.

ಆ ದಿನ ಹೊತ್ತು ಮುಳುಗುವವರೆಗೂ ನಾನು ಏನೂ ತಿನ್ನಲಿಲ್ಲ. ಕೊಟ್ಟ ಭಕ್ಕರಿಯನ್ನು ಎಮ್ಮೆಗೆ ಹಾಕಿದೆ. ಮಧ್ಯಾಹ್ನ ನಾನೇ ನೀರು ಕಾಯಿಸಿ, ನಾನೇ ಸೋಸಿ, ಒಂದೇ ಸಲ ಕುಡಿದೆ. ಸಂಜೆ ಯಾರೂ ನನ್ನನ್ನು ಎಬ್ಬಿಸಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀವು ಹೀಗೆ ಮಾಡಬೇಡಿ. ರಾತ್ರಿ ತಲೆ ತಿರುಗಿ ಗೋಡೆ ಹಿಡಿದು ನಡೆದಿದ್ದೇನೆ. ಆದರೆ ಆ ನೋಂಪಿ ನನ್ನದಾಗಿತ್ತು. ಅಪ್ಪ ಹೋಗುವವರೆಗೂ ಅವರಿಗೆ ಅದು ಗೊತ್ತಾಗಲಿಲ್ಲ. ನಿಮ್ಮ ಅಜ್ಜನಿಗೂ ನಾನು ಎಂದೂ ಹೇಳಿರಲಿಲ್ಲ. ಹೇಳದೆ ಇರುವುದನ್ನು ನಾನು ನನ್ನ ಮನೆಯವರಿಂದಲೇ ಕಲಿತಿದ್ದೆ, ಚೆನ್ನಾಗಿಯೇ ಕಲಿತಿದ್ದೆ. ಅಕ್ಕ ನನ್ನ ಕೂದಲು ಹೆಣೆಯುವಾಗ ಎಷ್ಟೋ ಸಲ ಕೆದಕಿದಳು. ಮೊದಲಿನಂತೆ ಅವಳಿಗೆ ಯಾವ ಗುಟ್ಟನ್ನೂ ನಾನು ಮತ್ತೆ ಒಪ್ಪಿಸಲಿಲ್ಲ.

ನಮ್ಮ ಕಾಲದಲ್ಲಿ ಇಸಬಗೋಲು ಹೊಟ್ಟೆ ಕೆಟ್ಟಾಗ ಹುಡುಕಿ ತರುವ ವಸ್ತು. ಪರ್ವದ ದಿನ ಬಿಟ್ಟರೆ ರಾಜಗಿರಿ, ಮೆಂತೆ ಸೊಪ್ಪುಗಳೇ ಆ ಕೆಲಸ ಮಾಡುತ್ತಿದ್ದವು. ನಿಮ್ಮ ಕಾಲದಲ್ಲಿ ಅದು ದಿನದ ಊಟದ ಪಕ್ಕದಲ್ಲೇ ಡಬ್ಬಿಯಲ್ಲಿ ಕುಳಿತಿದೆ, ಒಳಗೆ ಏನಿದೆ ಎಂದು ಮೇಲೆ ಬರೆದುಕೊಂಡು. ಪ್ರಾಚಿಗೆ ಸೂಜಿ ಚುಚ್ಚುವ ಮೊದಲು ಡಾಕ್ಟರು "ಸ್ವಲ್ಪ ನೋಯುತ್ತೆ" ಎಂದು ಪ್ರಾಚಿಗೇ ಹೇಳುತ್ತಾರೆ. ಅದನ್ನು ಮೊದಲ ಸಲ ಕೇಳಿದಾಗ ನಾನು ಬೇರೆ ಕಡೆ ಮುಖ ತಿರುಗಿಸಿಕೊಂಡೆ. ಅವಳು ಅತ್ತಳು, ನಿಜ. ಆದರೂ ತಾನೇ ತೋಳು ಮುಂದೆ ಮಾಡಿದಳು. ನಮ್ಮನ್ನು ಅಷ್ಟು ದೊಡ್ಡವರೆಂದು ಯಾರೂ ಎಣಿಸಿರಲಿಲ್ಲ.

ನೀವು ಮರಾಠಿ ಓದುತ್ತೀರಿ, ಇಂಗ್ಲಿಷ್ ಓದುತ್ತೀರಿ. ಕನ್ನಡ ನಿಮ್ಮ ಕಿವಿಗೆ ಮಾತ್ರ ಗೊತ್ತು. ಪಪ್ಪಾ ಓದಿ ಹೇಳುತ್ತೇನೆ ಎನ್ನುತ್ತಾನೆ. ಅವನ ಮನಸ್ಸು ಮೆತ್ತಗೆ. ತನ್ನ ಅಜ್ಜ, ಅಂದರೆ ನನ್ನ ಅಪ್ಪ, ನಕ್ಕ ಸಾಲು ಬಂದಾಗ ನಿಮಗೆ ಬೇಸರವಾಗದಿರಲೆಂದು ಅದನ್ನು ಹಾರಿಸಿ ಓದುತ್ತಾನೆ. ಅದು ಬೇಡ. ನಾಳೆ ಶಾಲೆಯಿಂದ ಬಂದ ಮೇಲೆ ನಾನೇ ನಿಮಗೆ ಅಕ್ಷರ ತಿದ್ದಿಸುತ್ತೇನೆ. ಕೂಡಿಸಿ ಓದಲು ಬರುವತನಕ ಈ ಹಾಳೆಗಳನ್ನು ನಿಮ್ಮ ಪುಸ್ತಕದ ಕಪಾಟಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ. ಕೈಗೆ ಕೊಡುವಾಗ ಬಾಯಿಂದಲೂ ಹೇಳುತ್ತೇನೆ, ನಾಚದೆ ಹೇಳುತ್ತೇನೆ: ಯಾರಿಗೂ ಕೊಡಬೇಡಿ, ಪಪ್ಪಾನಿಗೂ.